ರೂಲ್‌ಬುಕ್ಕಿನಲ್ಲೇ ಶುರುವಾಗುವ ರೇಸ್

ಕಳೆದ ವರ್ಷ ನಮ್ಮ ಕಾಲೇಜಿನ ತಂಡ ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಗೆ ಹೋಗಿತ್ತು. ಹದಿನೆಂಟು ಜನ ಸೇರಿ, ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ ಏಳು ತಿಂಗಳು ಪೈಪ್ ಕತ್ತರಿಸಿ, ವೆಲ್ಡಿಂಗ್ ಮಾಡಿ, ಬೈಕಿನ ಎಂಜಿನ್ ಕೂರಿಸಿ ಕಟ್ಟಿದ ಕಾರು ಅದು. ಎಂಜಿನ್ ಚೆನ್ನಾಗಿತ್ತು, ಬ್ರೇಕ್ ಚೆನ್ನಾಗಿತ್ತು. ಆದರೆ ಟ್ರ್ಯಾಕಿಗೆ ಇಳಿಯುವ ಮೊದಲು ನಡೆಯುವ ತಾಂತ್ರಿಕ ತಪಾಸಣೆಯಲ್ಲೇ ಸಿಕ್ಕಿಬಿದ್ದೆವು.

ನಿಯಮ ಬಹಳ ಸರಳ. ಚಾಲಕನ ಬೆನ್ನ ಹಿಂದೆ ಒಂದು ಉಕ್ಕಿನ ಕಮಾನು ಇರುತ್ತದೆ, ಸ್ಟೀರಿಂಗ್ ಹತ್ತಿರ ಇನ್ನೊಂದು. ಎರಡರ ತುದಿಗೂ ಒಂದು ಗೆರೆ ಎಳೆದರೆ ಚಾಲಕನ ಹೆಲ್ಮೆಟ್ ಆ ಗೆರೆಗಿಂತ ಕನಿಷ್ಠ 50 ಮಿಲಿಮೀಟರ್ ಕೆಳಗಿರಬೇಕು. ಕಾರು ಮಗುಚಿ ಬಿದ್ದರೂ ತಲೆ ನೆಲಕ್ಕೆ ತಾಗಬಾರದಲ್ಲ, ಅದಕ್ಕೆ. ನಾವು ಡಿಸೈನ್ ಮಾಡುವಾಗ ಲೆಕ್ಕಕ್ಕೆ ಹಿಡಿದಿದ್ದ ಡ್ರೈವರ್ ಇಂಟರ್ನ್‌ಶಿಪ್ಪಿಗೆಂದು ಬೆಂಗಳೂರಿಗೆ ಹೋಗಿಬಿಟ್ಟ. ಅವನ ಜಾಗಕ್ಕೆ ಬಂದವನು ಅವನಿಗಿಂತ ನಾಲ್ಕು ಇಂಚು ಎತ್ತರ. ತಪಾಸಣೆ ಮಾಡುವವರು ಸ್ಕೇಲ್ ಇಟ್ಟು ನೋಡಿ ತಲೆ ಅಲ್ಲಾಡಿಸಿದರು. ಸೀಟು ಕಿತ್ತು, ಫೋಮ್ ಕತ್ತರಿಸಿ, ಮತ್ತೆ ಕೂರಿಸುವಷ್ಟರಲ್ಲಿ ಅರ್ಧ ಸ್ಪರ್ಧೆಗಳು ಮುಗಿದೇ ಹೋಗಿದ್ದವು. ರೂಲ್‌ಬುಕ್ ಓದಿ ಕಾರಿನ ಪ್ರತಿ ಭಾಗವನ್ನೂ ಅದಕ್ಕೆ ತಾಳೆ ನೋಡುವ ಕೆಲಸ ತಂಡದಲ್ಲಿ ಯಾರಿಗೆ ಕೊಟ್ಟಿದ್ದರು ಗೊತ್ತಾ? ನನಗೆ.

ಆ ಬೇಸರದಲ್ಲೇ ನಾನು ಫಾರ್ಮುಲಾ ಒನ್ನಿನ ಇತಿಹಾಸ ಓದಲು ಕೂತೆ. ಅಲ್ಲಿಯೂ ಇದೇ ಕಥೆ, ಮೊತ್ತ ಮಾತ್ರ ಕೋಟಿಗಳಲ್ಲಿ. ಈ ವರ್ಷ, ಅಂದರೆ 2026ರಲ್ಲಿ, ಫಾರ್ಮುಲಾ ಒನ್ ತನ್ನ ಕಾರನ್ನೂ ಎಂಜಿನ್ನನ್ನೂ ಒಟ್ಟಿಗೇ ಬದಲಾಯಿಸುತ್ತಿದೆ. ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ಮೊದಲ ರೇಸ್. ಯಾರು ಗೆಲ್ಲುತ್ತಾರೆ ಎಂದು ಹಾಸ್ಟೆಲ್ಲಿನಲ್ಲಿ ಈಗಲೇ ವಾದ ಶುರುವಾಗಿದೆ. ಆ ವಾದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಿಯಮ ಎಲ್ಲರಿಗೂ ಒಂದೇ ಆದ ಮೇಲೆ, ಅದು ಬದಲಾದಾಗ ಒಂದು ತಂಡ ಮೇಲೇರಿ ಇನ್ನೊಂದು ಕೆಳಗಿಳಿಯುವುದು ಯಾಕೆ?

ಕಂಬಳದ ಹಲಗೆ, ಕಾರಿನ ರೆಕ್ಕೆ

ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಚಿಕ್ಕಂದಿನಲ್ಲಿ ಮಾವ ನನ್ನನ್ನು ಮೂಡುಬಿದಿರೆಯ ಕಂಬಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹಗ್ಗ ಮತ್ತು ನೇಗಿಲು ವಿಭಾಗದಲ್ಲಿ ವೇಗವೇ ಎಲ್ಲ. ಕನೆಹಲಗೆಯಲ್ಲಿ ಹಾಗಲ್ಲ. ಅಲ್ಲಿ ಓಡಿಸುವವನು ತೂತುಗಳಿರುವ ಹಲಗೆಯ ಮೇಲೆ ನಿಂತಿರುತ್ತಾನೆ, ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಕೋಣ ಅದೇ, ಕರೆ ಅದೇ, ಕೆಸರೂ ಅದೇ. ಕಟ್ಟುವ ಸಲಕರಣೆ ಬದಲಾದ ಕೂಡಲೇ ಗೆಲುವಿನ ಅರ್ಥವೇ ಬದಲಾಗುತ್ತದೆ. ಹಗ್ಗದಲ್ಲಿ ಹೆಸರು ಮಾಡಿದ ಜೋಡಿ ಹಲಗೆಯಲ್ಲೂ ಗೆಲ್ಲಬೇಕು ಎಂದೇನಿಲ್ಲ. ಯಾವ ಕೋಣವನ್ನು ಯಾವ ವಿಭಾಗಕ್ಕೆ ತಯಾರು ಮಾಡಬೇಕು ಎಂಬ ನಿರ್ಧಾರ ಕಂಬಳದ ದಿನಕ್ಕಿಂತ ಬಹಳ ಮೊದಲೇ, ಹಟ್ಟಿಯಲ್ಲೇ ಆಗಿರುತ್ತದೆ.

ಫಾರ್ಮುಲಾ ಒನ್ ಕೂಡ ಹೀಗೆಯೇ. ಇದಕ್ಕೆ ಒಳ್ಳೆಯ ಉದಾಹರಣೆ ನಮಗೆ ಹತ್ತಿರದ್ದೇ ಇದೆ, ಅದು ಫೋರ್ಸ್ ಇಂಡಿಯಾ. ಬಂಟ್ವಾಳ ಮೂಲದ ಕುಟುಂಬದ, ಬೆಂಗಳೂರಿನ ಯುಬಿ ಸಮೂಹದ ಮುಖ್ಯಸ್ಥರಾಗಿದ್ದ ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಂದಿಗೆ ಸ್ಪೈಕರ್ ಎಂಬ ತಂಡವನ್ನು ಕೊಂಡು ಈ ಹೆಸರಿಟ್ಟರು. ಮಲ್ಯ ಅವರ ಸಾಲದ ಪ್ರಕರಣ, ಅವರು ದೇಶ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವಂಥದ್ದೇ, ಅದು ಬೇರೆಯೇ ಕಥೆ. ನನಗೆ ಮುಖ್ಯವಾಗಿ ಕಂಡದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿರುವ ಆ ತಂಡದ ನೆಲೆ. 1991ರಲ್ಲಿ ಜೋರ್ಡಾನ್ ಹೆಸರಿನಲ್ಲಿ ರೇಸಿಗೆ ಇಳಿದ ತಂಡ ಮುಂದೆ ಮಿಡ್‌ಲ್ಯಾಂಡ್, ಸ್ಪೈಕರ್, ಫೋರ್ಸ್ ಇಂಡಿಯಾ, ರೇಸಿಂಗ್ ಪಾಯಿಂಟ್ ಆಗಿ ಈಗ ಆಸ್ಟನ್ ಮಾರ್ಟಿನ್ ಆಗಿದೆ. ಬೋರ್ಡು ಬದಲಾದರೂ ಊರು ಬದಲಾಗಲಿಲ್ಲ. ಒಂದೇ ಕಡೆ ಕೆಲಸ ಮಾಡಿದ ಜನರ ಮೇಲೆ ಬೇರೆ ಬೇರೆ ನಿಯಮಗಳು ಏನು ಪರಿಣಾಮ ಮಾಡಿದವು ಎಂದು ನೋಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಒಂದು ಗುಂಡಿ ಒತ್ತಿದ್ದಕ್ಕೆ ಹೋದ ಗೆಲುವು

2008ರಲ್ಲಿ ಫೋರ್ಸ್ ಇಂಡಿಯಾಕ್ಕೆ ಒಂದೇ ಒಂದು ಅಂಕವೂ ಸಿಗಲಿಲ್ಲ. 2009ರಲ್ಲಿ ನಿಯಮಗಳು ದೊಡ್ಡದಾಗಿ ಬದಲಾದವು. ಮುಂದಿನ ರೆಕ್ಕೆ 1400 ಮಿ.ಮೀ.ನಿಂದ 1800 ಮಿ.ಮೀ.ಗೆ ಅಗಲವಾಯಿತು, ಹಿಂದಿನದು 1000ದಿಂದ 750ಕ್ಕೆ ಕಿರಿದಾಯಿತು. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ಗುಂಡಿ ಒತ್ತಿದಾಗ ಸುಮಾರು 80 ಅಶ್ವಶಕ್ತಿ ಹೆಚ್ಚಿಗೆ ಕೊಡುವ ಕರ್ಸ್ ಎಂಬ ಉಪಕರಣಕ್ಕೂ ಅನುಮತಿ ಸಿಕ್ಕಿತು. ಅದನ್ನು ಹಾಕಲೇಬೇಕು ಎಂದೇನೂ ಇರಲಿಲ್ಲ. ಅದು ದುಬಾರಿ, ಭಾರ ಬೇರೆ. ಫೋರ್ಸ್ ಇಂಡಿಯಾ ಹಾಕಲಿಲ್ಲ. ಆ ವರ್ಷ ಮರ್ಸಿಡಿಸ್ ಎಂಜಿನ್ ತಂದುಕೊಂಡು, ಗಾಳಿಯ ಎಳೆತ ಕಡಿಮೆ ಇರುವ ಕಾರು ಕಟ್ಟಿತು.

ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಅದರ ಫಲ ಕಾಣಿಸಿತು. ಅಲ್ಲಿ ನೇರ ದಾರಿಗಳು ಉದ್ದ. ಅದುವರೆಗೆ ಅಂಕವನ್ನೇ ಕಾಣದ ತಂಡದ ಜಿಯಾಂಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ, ಪೋಲ್ ಪೊಸಿಷನ್‌ನಿಂದ ಹೊರಟರು. ಆರಂಭದ ಅಪಘಾತದಿಂದ ಸೇಫ್ಟಿ ಕಾರ್ ಬಂತು. ಅದು ಪಕ್ಕಕ್ಕೆ ಸರಿದ ಕೂಡಲೇ ಫೆರಾರಿಯ ಕಿಮಿ ರೈಕೊನೆನ್ ಕರ್ಸ್ ಗುಂಡಿ ಒತ್ತಿ, ಉದ್ದನೆಯ ಏರುದಾರಿಯಲ್ಲಿ ಫಿಸಿಕೆಲ್ಲಾ ಅವರನ್ನು ಹಿಂದೆ ಹಾಕಿದರು. ಉಳಿದ ರೇಸ್ ಪೂರ್ತಿ ಫಿಸಿಕೆಲ್ಲಾ ಬೆನ್ನು ಬಿಡಲಿಲ್ಲ. ಕೊನೆಗೆ ಅಂತರ ಒಂದು ಸೆಕೆಂಡಿಗೂ ಕಡಿಮೆ.

ಎರಡನೇ ಸ್ಥಾನ ಬಂದದ್ದೂ ನಿಯಮದಿಂದ, ಗೆಲುವು ಹೋದದ್ದೂ ನಿಯಮದಿಂದ. ಕರ್ಸ್ ಬೇಡ ಎಂದು ತಂಡ ತೀರ್ಮಾನಿಸಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಹಣ ಅದರ ಮೇಲೆ ಹಾಕಿದ್ದರೆ ಪೋಲ್ ಪೊಸಿಷನ್ ತಂದುಕೊಟ್ಟ ಕಾರು ಬಹುಶಃ ಆಗುತ್ತಲೇ ಇರಲಿಲ್ಲ. ಸಣ್ಣ ತಂಡಕ್ಕೆ ಎಲ್ಲವೂ ಸಿಗುವುದಿಲ್ಲ. ಯಾವುದನ್ನು ಬಿಡಬೇಕು ಎಂದು ಅದು ಆರಿಸಿಕೊಳ್ಳಲೇಬೇಕು.

ಅದೇ ವರ್ಷ ಬ್ರಾನ್ ತಂಡದ ಸಾಹಸವನ್ನೂ ನೋಡಿ. 2008ರ ಡಿಸೆಂಬರಿನಲ್ಲಿ ಹೋಂಡಾ ಕೈಬಿಟ್ಟ ತಂಡ ಅದು. ಆದರೆ ಅವರು 2008ರ ಸೀಸನ್ನನ್ನು ಹೆಚ್ಚುಕಡಿಮೆ ಮರೆತು, ಮುಂದಿನ ವರ್ಷದ ರೂಲ್‌ಬುಕ್ಕಿನ ಮೇಲೆಯೇ ಕೆಲಸ ಮಾಡಿದ್ದರು. ಕಾರಿನ ಹಿಂಬದಿ ಅಡಿಯಲ್ಲಿ ಗಾಳಿ ಹೊರಹೋಗುವ ಡಿಫ್ಯೂಸರ್ ಎಂಬ ಭಾಗದ ನಿಯಮದಲ್ಲಿ ಒಂದು ಸಂದಿ ಇತ್ತು. ಅದನ್ನು ಬ್ರಾನ್, ಟೊಯೊಟಾ, ವಿಲಿಯಮ್ಸ್ ತಂಡಗಳು ಕಂಡುಕೊಂಡವು. ಉಳಿದವರು ದೂರು ಕೊಟ್ಟರು, ಮೇಲ್ಮನವಿಯಲ್ಲೂ ಅದು ಸರಿ ಎಂದೇ ತೀರ್ಪು ಬಂತು. ಆ ವರ್ಷದ ಎರಡೂ ಚಾಂಪಿಯನ್‌ಶಿಪ್ ಬ್ರಾನ್ ತಂಡಕ್ಕೆ ಹೋದವು.

ಒಂದೇ ಎಂಜಿನ್, ಮೂರು ಫಲಿತಾಂಶ

2014ರಲ್ಲಿ ಎಂಜಿನ್ ನಿಯಮವೇ ಬದಲಾಯಿತು. 2.4 ಲೀಟರ್ ವಿ8 ಹೋಗಿ 1.6 ಲೀಟರ್ ವಿ6 ಟರ್ಬೊ ಹೈಬ್ರಿಡ್ ಬಂತು, ಒಂದು ರೇಸಿಗೆ 100 ಕಿಲೋ ಇಂಧನ ಮಾತ್ರ ಎಂಬ ಮಿತಿಯೂ ಬಂತು. ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ್ದು ಮರ್ಸಿಡಿಸ್. ಅದರ ಸ್ವಂತ ತಂಡ 19 ರೇಸುಗಳಲ್ಲಿ 16 ಗೆದ್ದಿತು. ಅದೇ ಎಂಜಿನ್ ಕೊಂಡವರು ಮೂವರು: ವಿಲಿಯಮ್ಸ್, ಮೆಕ್ಲಾರೆನ್, ಫೋರ್ಸ್ ಇಂಡಿಯಾ. ವಿಲಿಯಮ್ಸ್ ಹಿಂದಿನ ವರ್ಷದ ಒಂಬತ್ತನೇ ಸ್ಥಾನದಿಂದ ಮೂರಕ್ಕೆ ಹಾರಿತು. ಮೆಕ್ಲಾರೆನ್ ಐದರಲ್ಲೂ ಫೋರ್ಸ್ ಇಂಡಿಯಾ ಆರರಲ್ಲೂ ಹಿಂದಿನ ವರ್ಷದಂತೆಯೇ ಉಳಿದವು. ಎಂಜಿನ್ ಒಳ್ಳೆಯದು ಎಂದಷ್ಟಕ್ಕೇ ಎಲ್ಲವೂ ಬದಲಾಗುವುದಿಲ್ಲ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಫೋರ್ಸ್ ಇಂಡಿಯಾ ಮೇಲೇರಿದ್ದು ಆಮೇಲೆ, ನಿಧಾನವಾಗಿ. 2015ರಲ್ಲಿ ಐದು, 2016ರಲ್ಲಿ ನಾಲ್ಕು. 2017ರಲ್ಲಿ ಕಾರು, ಟೈರು ಎರಡೂ ಅಗಲವಾಗಿ ನಿಯಮ ಮತ್ತೆ ಬದಲಾದರೂ 187 ಅಂಕದೊಂದಿಗೆ ನಾಲ್ಕನೇ ಸ್ಥಾನ ಉಳಿಸಿಕೊಂಡಿತು. ಸುಮಾರು 400 ಜನರ ತಂಡ ಅದು, ಮುಂದಿದ್ದ ಮೂರು ತಂಡಗಳಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಜನರಿದ್ದರು. ಎಂಜಿನ್ನನ್ನು ಮರ್ಸಿಡಿಸ್‌ನಿಂದ ಕೊಂಡು, ಗಾಳಿಸುರಂಗವನ್ನು ಜರ್ಮನಿಯ ಕಲೋನ್‌ನಲ್ಲಿ ಟೊಯೊಟಾದಿಂದ ಬಾಡಿಗೆಗೆ ಪಡೆದು, ತಾವೇ ಮಾಡಬೇಕಾದ ಭಾಗಗಳ ಮೇಲೆ ಮಾತ್ರ ಗಮನ ಇಟ್ಟರು.

ಇದಕ್ಕೆ ವಿರುದ್ಧವಾದದ್ದೂ ಆಗಿತ್ತು. 2013ರ ಮೊದಲರ್ಧದಲ್ಲಿ ಇದೇ ತಂಡ ಮೆಕ್ಲಾರೆನ್‌ಗಿಂತ ಮುಂದಿತ್ತು. ಸಿಲ್ವರ್‌ಸ್ಟೋನ್ ರೇಸಿನಲ್ಲಿ ಒಂದಾದ ಮೇಲೊಂದು ಟೈರು ಸಿಡಿದವು. ಸುರಕ್ಷತೆಗೆಂದು ಸೀಸನ್ ಮಧ್ಯದಲ್ಲೇ ಟೈರಿನ ರಚನೆ ಬದಲಿಸಿದರು. ಬದಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಟೈರಿಗೆ ಹೊಂದುವಂತೆ ಕಾರು ಕಟ್ಟಿದ್ದ ಫೋರ್ಸ್ ಇಂಡಿಯಾ ಆಮೇಲೆ ಕುಸಿದು ಆರನೇ ಸ್ಥಾನಕ್ಕೆ ಬಂತು. ನಿಯಮ ಎಲ್ಲರಿಗೂ ಒಂದೇ, ಅದರ ಭಾರ ಮಾತ್ರ ಎಲ್ಲರ ಮೇಲೂ ಒಂದೇ ಆಗಿರುವುದಿಲ್ಲ.

ಕಾಪಿ ಹೊಡೆದರೆ ಎಷ್ಟು ಅಂಕ ಕಟ್?

2018ರ ಜುಲೈನಲ್ಲಿ ತಂಡ ಆರ್ಥಿಕವಾಗಿ ಮುಗ್ಗರಿಸಿ ಆಡಳಿತಾಧಿಕಾರಿಗಳ ಕೈ ಸೇರಿತು. ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಅದನ್ನು ಕೊಂಡು ಕೆಲಸಗಾರರನ್ನು ಉಳಿಸಿತು. ಮುಂದೆ ತಂಡದ ಹೆಸರು ರೇಸಿಂಗ್ ಪಾಯಿಂಟ್ ಎಂದಾಯಿತು. 2020ರ ಅದರ ಕಾರು ಹಿಂದಿನ ವರ್ಷದ ಮರ್ಸಿಡಿಸ್‌ನ ಪಡಿಯಚ್ಚಿನಂತಿತ್ತು. ಜನ ಅದನ್ನು ‘ಪಿಂಕ್ ಮರ್ಸಿಡಿಸ್’ ಎಂದೇ ಕರೆದರು. ಫೋಟೋ ನೋಡಿ ಅನುಕರಿಸುವುದು ತಪ್ಪಾಗಿರಲಿಲ್ಲ. ಸಿಕ್ಕಿಬಿದ್ದದ್ದು ಬ್ರೇಕಿಗೆ ಗಾಳಿ ಹಾಯಿಸುವ ಹಿಂದಿನ ಡಕ್ಟ್ ವಿಷಯದಲ್ಲಿ. 2019ರವರೆಗೆ ಆ ಭಾಗದ ಡಿಸೈನನ್ನು ಬೇರೆ ತಂಡದಿಂದ ಪಡೆಯಬಹುದಿತ್ತು. 2020ರಿಂದ ಅದು ‘ತಂಡ ತಾನೇ ಡಿಸೈನ್ ಮಾಡಬೇಕಾದ ಭಾಗಗಳ’ ಪಟ್ಟಿಗೆ ಸೇರಿತ್ತು. ರೆನೊ ದೂರು ಕೊಟ್ಟಿತು. 15 ಅಂಕ ಕಡಿತ, 4 ಲಕ್ಷ ಯೂರೊ ದಂಡ.

ವರ್ಷದ ಕೊನೆಯಲ್ಲಿ ರೇಸಿಂಗ್ ಪಾಯಿಂಟ್‌ಗೆ ಇದ್ದದ್ದು 195 ಅಂಕ, ಮೆಕ್ಲಾರೆನ್‌ಗೆ 202. ಆ 15 ಅಂಕ ಉಳಿದಿದ್ದರೆ 210 ಆಗಿ ಮೂರನೇ ಸ್ಥಾನ ಸಿಗುತ್ತಿತ್ತು. ಪಟ್ಟಿಯಲ್ಲಿ ಸೇರಿದ ಒಂದು ಭಾಗ ಒಂದು ಇಡೀ ಸ್ಥಾನವನ್ನೇ ನುಂಗಿತು. ಇದನ್ನು ಓದಿದಾಗ ನನಗೆ ನಮ್ಮ 50 ಮಿಲಿಮೀಟರ್ ನೆನಪಾಗಿ ಸ್ವಲ್ಪ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಮುಂದಿನ ವರ್ಷ ಇನ್ನೊಂದು ಹೊಡೆತ. ಕೊರೊನಾ ಕಾರಣಕ್ಕೆ 2021ಕ್ಕೂ ಹಳೆಯ ಚಾಸಿಸ್ಸನ್ನೇ ಮುಂದುವರಿಸಬೇಕು ಎಂದಾಯಿತು. ಆದರೆ ವೇಗ ಹೆಚ್ಚಾಗಿ ಟೈರಿಗೆ ಅಪಾಯವಾಗಬಾರದೆಂದು ಹಿಂಚಕ್ರದ ಮುಂದಿನ ತಳಭಾಗವನ್ನು ಸ್ವಲ್ಪ ಕತ್ತರಿಸಲು ಹೇಳಿದರು. ಹಿಂಬದಿ ಎತ್ತರಿಸಿ ಓಡುವ ಕಾರುಗಳಿಗೆ ಅದರಿಂದ ಕಡಿಮೆ ನಷ್ಟ, ಚಪ್ಪಟೆಯಾಗಿ ಓಡುವ ಕಾರುಗಳಿಗೆ ಹೆಚ್ಚು. ಮರ್ಸಿಡಿಸ್ ಮತ್ತು ಆಗಷ್ಟೇ ಆಸ್ಟನ್ ಮಾರ್ಟಿನ್ ಎಂದು ಹೆಸರು ಬದಲಿಸಿಕೊಂಡಿದ್ದ ಈ ತಂಡ ಎರಡನೇ ಗುಂಪಿನಲ್ಲಿದ್ದವು. ಹಣ, ಜನ ಇದ್ದ ಮರ್ಸಿಡಿಸ್ ಚೇತರಿಸಿಕೊಂಡಿತು. ಆಸ್ಟನ್ ಮಾರ್ಟಿನ್ ನಾಲ್ಕರಿಂದ ಏಳಕ್ಕೆ ಇಳಿಯಿತು. ಇನ್ನೊಬ್ಬರ ಡಿಸೈನ್ ತಂದುಕೊಂಡರೆ ಅದರ ಶಕ್ತಿಯ ಜೊತೆಗೆ ದೌರ್ಬಲ್ಯವೂ ಬರುತ್ತದೆ. ಅಸೈನ್‌ಮೆಂಟ್ ಕಾಪಿ ಮಾಡಿದವನ ಪುಸ್ತಕದಲ್ಲಿ ಮೂಲದ ತಪ್ಪೂ ಹಾಗೆಯೇ ಇಳಿದಿರುತ್ತದಲ್ಲ, ಅದರಂತೆ.

ಎಲ್ಲರಿಗೂ ಒಂದೇ ಕಾರು ಕೊಟ್ಟರೆ?

ಇಷ್ಟೆಲ್ಲ ಯಾಕೆ, ಎಲ್ಲರಿಗೂ ಒಂದೇ ಕಾರು ಕೊಟ್ಟರೆ ಆಗದೇ ಎಂದು ನನ್ನ ಗೆಳೆಯ ಕೇಳಿದ. ಅಂಥ ರೇಸುಗಳೂ ಇವೆ. ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಒಂದೇ ಚಾಸಿಸ್, ಒಂದೇ ಎಂಜಿನ್. 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಬೆಂಗಳೂರಿನ ಕುಶ್ ಮೈನಿ ಗೆದ್ದರು. ಅಲ್ಲಿ ಚಾಲಕನ ಕೈಚಳಕ ಮತ್ತು ತಂಡದ ಸೆಟಪ್ಪಿಗೆ ಹೆಚ್ಚು ಬೆಲೆ. ಫಾರ್ಮುಲಾ ಒನ್‌ನಲ್ಲಿ ಕಾರು ಕಟ್ಟುವುದೂ ಸ್ಪರ್ಧೆಯ ಭಾಗ. ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದೇ ಅದರ ಸೆಳೆತ.

ಹಾಗೆಂದು ಹಣವಿದ್ದವನೇ ಗೆಲ್ಲುತ್ತಾ ಹೋದರೆ ಆಟ ಉಳಿಯುವುದಿಲ್ಲ. ಅದಕ್ಕಾಗಿಯೇ 2021ರಲ್ಲಿ 14.5 ಕೋಟಿ ಡಾಲರ್ ಖರ್ಚಿನ ಮಿತಿ ಬಂತು. ಗಾಳಿಸುರಂಗದ ಪರೀಕ್ಷೆಗೂ ಏಣಿಯಂಥ ಲೆಕ್ಕವಿದೆ. ಏಳನೇ ಸ್ಥಾನದವರಿಗೆ ಸಿಗುವ ಸಮಯವನ್ನು ನೂರು ಎಂದಿಟ್ಟುಕೊಂಡರೆ ಚಾಂಪಿಯನ್ನರಿಗೆ 70, ಹತ್ತನೆಯವರಿಗೆ 115. ಗೆದ್ದಷ್ಟೂ ಕಲಿಯುವ ಸಮಯ ಕಡಿಮೆ. 2022ರಲ್ಲಿ ಏಳನೇ ಸ್ಥಾನದಲ್ಲಿದ್ದ ಆಸ್ಟನ್ ಮಾರ್ಟಿನ್ 2023ರಲ್ಲಿ 280 ಅಂಕ ಗಳಿಸಿ ಐದಕ್ಕೇರಿತು, ಫರ್ನಾಂಡೊ ಅಲೊನ್ಸೊ ಎಂಟು ಸಲ ಪೋಡಿಯಂ ಏರಿದರು. ಅದಕ್ಕೆ ಹೊಸ ಕಾರ್ಖಾನೆ, ಹೊಸ ಜನ, ಹಣ ಎಲ್ಲ ಕಾರಣವೇ. ಆದರೆ ಹಿಂದುಳಿದವನಿಗೆ ಬಾಗಿಲು ತೆರೆದಿಡುವ ನಿಯಮವೂ ಜೊತೆಗಿತ್ತು. ಆ ಎತ್ತರ ಉಳಿಸಿಕೊಳ್ಳಲು ಮಾತ್ರ ಆಗಲಿಲ್ಲ, 2024ರಲ್ಲಿ ಅಂಕ 94ಕ್ಕೆ ಇಳಿಯಿತು. ನಿಯಮ ಅವಕಾಶ ಕೊಡಬಹುದು, ಉಳಿಸಿಕೊಡಲಾರದು.

2026 ಮತ್ತು ನಮ್ಮ ಶೆಡ್ಡು

ಈ ವರ್ಷದ ಬದಲಾವಣೆ ಇವೆಲ್ಲಕ್ಕಿಂತ ದೊಡ್ಡದು. ಕಾರಿನ ಕನಿಷ್ಠ ತೂಕ 800ರಿಂದ 768 ಕಿಲೋಗೆ ಇಳಿದಿದೆ. ವಿದ್ಯುತ್ ಮೋಟಾರಿನ ಶಕ್ತಿ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ಅಂದರೆ ಒಟ್ಟು ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಬ್ಯಾಟರಿಯಿಂದ. ಮುಂದಿನ ಹಾಗೂ ಹಿಂದಿನ ರೆಕ್ಕೆಗಳು ಓಡುತ್ತಿರುವಾಗಲೇ ಕೋನ ಬದಲಿಸುತ್ತವೆ. ಇಂಧನ ಪೂರ್ತಿ ಸುಸ್ಥಿರ ಮೂಲದ್ದಾಗಿರಬೇಕು. ಹಿಂದೆ ಬ್ರಾನ್ ತಂಡವನ್ನು ಬಿಟ್ಟುಹೋಗಿದ್ದ ಹೋಂಡಾ ಈಗ ಇದೇ ಸಿಲ್ವರ್‌ಸ್ಟೋನ್ ತಂಡದ ಎಂಜಿನ್ ಪಾಲುದಾರ. ಹೆಸರಾಂತ ವಿನ್ಯಾಸಕಾರ ಏಡ್ರಿಯನ್ ನ್ಯೂಯಿ 2025ರ ಮಾರ್ಚಿನಿಂದ ಅಲ್ಲಿದ್ದಾರೆ. ಆದರೂ ಆಸ್ಟನ್ ಮಾರ್ಟಿನ್ ಗೆದ್ದೇ ಗೆಲ್ಲುತ್ತದೆ ಎಂದು ನಾನು ಬಾಜಿ ಕಟ್ಟುವುದಿಲ್ಲ. ಒಂದೇ ಎಂಜಿನ್ ಮೂವರಿಗೆ ಮೂರು ಫಲ ಕೊಟ್ಟದ್ದನ್ನು ನೋಡಿದ್ದೇವಲ್ಲ.

ಇದೇ ಪ್ರಶ್ನೆ ಈಗ ನಮ್ಮ ಶೆಡ್ಡಿನಲ್ಲೂ ಇದೆ. ವಿದ್ಯಾರ್ಥಿಗಳ ಸ್ಪರ್ಧೆಯಲ್ಲೂ ಎಲೆಕ್ಟ್ರಿಕ್ ಕಾರುಗಳ ವಿಭಾಗವಿದೆ. ನಾವು ಮೆಕ್ಯಾನಿಕಲ್ ಹುಡುಗರು ಸೀನಿಯರುಗಳಿಂದ ಕಲಿತದ್ದೆಲ್ಲ ಎಂಜಿನ್ನಿನ ವಿದ್ಯೆ. ಗಾಳಿ ಒಳಹೋಗುವ ದಾರಿಯನ್ನು 20 ಮಿಲಿಮೀಟರಿಗೆ ಕಟ್ಟಿಹಾಕುವ ನಿಯಮದೊಳಗೇ ಬೈಕಿನ ಎಂಜಿನ್ನಿನಿಂದ ಎಷ್ಟು ಬಲ ಹಿಂಡಬಹುದು ಎಂಬುದರಲ್ಲಿ ನಮಗೆ ನಾಲ್ಕೈದು ವರ್ಷದ ಅನುಭವ ಸೇರಿದೆ. ಬ್ಯಾಟರಿಗೆ ಹೋದರೆ ಅದರಲ್ಲಿ ಹೆಚ್ಚಿನದು ಕಪಾಟು ಸೇರುತ್ತದೆ. ಹೋಗದಿದ್ದರೆ, ಕ್ಯಾಂಪಸ್ ಸಂದರ್ಶನದಲ್ಲಿ ಬ್ಯಾಟರಿ ತಂಪು ಮಾಡುವ ಬಗ್ಗೆ ಕೇಳಿದಾಗ ನಮ್ಮ ಸೀನಿಯರೊಬ್ಬರು ಸುಮ್ಮನೆ ಕೂತಂತೆ ನಾವೂ ಕೂರಬೇಕಾಗುತ್ತದೆ.

ಎರಡು ವಾರ ಜಗಳವಾಡಿ ಒಂದು ನಿರ್ಧಾರಕ್ಕೆ ಬಂದಿದ್ದೇವೆ. ಈ ವರ್ಷ ಪೆಟ್ರೋಲ್ ಕಾರೇ. ಆದರೆ ಎರಡನೇ ವರ್ಷದ ನಾಲ್ವರು ಈಗಿನಿಂದಲೇ ಎಲೆಕ್ಟ್ರಿಕ್ ವಿಭಾಗದ ರೂಲ್‌ಬುಕ್ ಮಾತ್ರ ಓದಬೇಕು, ಸಣ್ಣ ಬ್ಯಾಟರಿ ಕಟ್ಟಿ ಕಲಿಯಬೇಕು. ಬ್ರಾನ್ ತಂಡ 2008ರಲ್ಲಿ ಮಾಡಿದ್ದನ್ನೇ ನಮ್ಮ ಜೇಬಿಗೆ ತಕ್ಕಂತೆ ಮಾಡುತ್ತಿದ್ದೇವೆ. ತಂಪು ಮಾಡುವುದು, ತೂಕ ಇಳಿಸುವುದು, ಬ್ರೇಕು, ಸಸ್ಪೆನ್ಷನ್ ಎಲ್ಲ ಬ್ಯಾಟರಿ ಕಾರಿಗೂ ಬೇಕು. ಹಾಗಾಗಿ ನಾವು ಕಲಿತದ್ದು ಪೂರ್ತಿ ನೀರಪಾಲಾಗುವುದಿಲ್ಲ ಎಂಬ ಧೈರ್ಯವಿದೆ.

ಕೆಲಸ ಹುಡುಕುತ್ತಿರುವ ನನ್ನ ಓರಗೆಯವರಿಗೂ ಇದು ಅನ್ವಯಿಸುತ್ತದೆ ಎನಿಸುತ್ತದೆ. ಪರೀಕ್ಷೆಯ ಸ್ಕೀಮ್ ಬದಲಾಯಿತು, ನೇಮಕಾತಿಯ ವಿಧಾನ ಬದಲಾಯಿತು, ಕಂಪನಿಗೆ ಬೇಕಾದ ಕೌಶಲ ಬದಲಾಯಿತು ಎಂದು ನಾವೆಲ್ಲ ಗೊಣಗುತ್ತೇವೆ. ಗೊಣಗಲು ಕಾರಣವೂ ಇದೆ, ಯಾಕೆಂದರೆ ಬದಲಾವಣೆಯ ಭಾರ ಕೈಯಲ್ಲಿ ಕಡಿಮೆ ಇದ್ದವನ ಮೇಲೆಯೇ ಹೆಚ್ಚು ಬೀಳುತ್ತದೆ. ಆದರೆ ಹೊಸ ನಿಯಮವನ್ನು ಕೊನೆಯ ದಿನ ತೆರೆದು ನೋಡುವುದೂ ಮೊದಲ ದಿನವೇ ಓದುವುದೂ ಒಂದೇ ಅಲ್ಲ. ಆ ಒಂದು ವಿಷಯಕ್ಕೆ ದುಡ್ಡು ಬೇಕಾಗಿಲ್ಲ.

ಈ ಸಲ ಸೀಟು ಮಾಡುವ ಮೊದಲೇ ನಾನು ತಂಡದಲ್ಲಿ ಕಾರು ಓಡಿಸಬಲ್ಲ ಆರೂ ಜನರನ್ನು ಹೆಲ್ಮೆಟ್ ಹಾಕಿಸಿ ಫ್ರೇಮಿನೊಳಗೆ ಕೂರಿಸಿದೆ. ‘ಎಂತ ಮಾರಾಯ, ಮದುವೆಗೆ ಅಳತೆ ತೆಗೀತೀಯಾ?’ ಎಂದು ನಕ್ಕರು. ನಗಲಿ. ನಮ್ಮಲ್ಲಿ ಅತಿ ಎತ್ತರದವನು ಕೂತಾಗ ಸಿಕ್ಕಿದ ಅಂತರ 62 ಮಿಲಿಮೀಟರ್.